ಮೊದಲು ಮತ ಹಾಕುವ ಸರದಿ ಎಲ್ಲರಿಗೂ ಬರಲಿ

ಮಾನ್ಯರೇ,

ಅಮೆರಿಕದ 2028ರ ಅಧ್ಯಕ್ಷೀಯ ಪ್ರೈಮರಿಗಳಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ರಾಜ್ಯ ರಾಜ್ಯದ ಮತದಾರರೇ ಆರಿಸುವ ಚುನಾವಣೆಗಳಲ್ಲಿ, ಯಾವ ರಾಜ್ಯ ಮೊದಲು ಎಂಬ ಮಾತು ಆಗಲೇ ಶುರುವಾಗಿದೆ. ನಮಗೇಕೆ ಅದು ಎಂದು ಯಾರೂ ಪುಟ ತಿರುವಬಾರದು. ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಲ್ಲಿನ ಮತದಾರರು. ನ್ಯೂಜೆರ್ಸಿಯಲ್ಲಿರುವ ನನ್ನ ಮಗಳೂ ಅವರಲ್ಲೊಬ್ಬಳು.

2024ರಲ್ಲಿ ಅವಳ ರಾಜ್ಯದ ಪ್ರೈಮರಿ ನಡೆದದ್ದು ಜೂನ್ 4ರಂದು, ನಮ್ಮ ಲೋಕಸಭೆ ಮತ ಎಣಿಕೆಯ ದಿನ. ಬೈಡನ್, ಟ್ರಂಪ್ ಇಬ್ಬರಿಗೂ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಬೇಕಾದಷ್ಟು ಪ್ರತಿನಿಧಿಗಳ ಬೆಂಬಲ ಮಾರ್ಚ್ 12ಕ್ಕೇ ದಕ್ಕಿಯಾಗಿತ್ತು. ಇನ್ನು ಅವಳ ಮತದಿಂದ ಆಗುವುದಾದರೂ ಏನಿತ್ತು? ನಾವು ಹಾಸನದವರು ಏಪ್ರಿಲ್ 26ಕ್ಕೆ ಮತ ಹಾಕಿದೆವು, ಶಿವಮೊಗ್ಗದವರು ಮೇ 7ಕ್ಕೆ. ಎಣಿಕೆ ಮಾತ್ರ ಎಲ್ಲರದೂ ಒಂದೇ ದಿನ. ಕೊನೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತೆಯೂ ಇರಲಿಲ್ಲ. ಹಾಗಾಗಿ ಶಿವಮೊಗ್ಗದವರ ಮತದ ತೂಕ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅಮೆರಿಕದಲ್ಲಾದರೆ ಒಂದೊಂದು ರಾಜ್ಯದ ಫಲಿತಾಂಶವೂ ಆಗಿಂದಾಗಲೇ ಹೊರಬೀಳುತ್ತದೆ. ಹಿಂದೆ ಬಿದ್ದವರಿಗೆ ದೇಣಿಗೆ ನಿಲ್ಲುತ್ತದೆ, ಅವರು ಕಣ ಬಿಡುತ್ತಾರೆ.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಜನಸಂಖ್ಯೆ ನಮ್ಮ ಹಾಸನ ಜಿಲ್ಲೆಗಿಂತ ಕಡಿಮೆ. ಆದರೂ ತನ್ನ ಪ್ರೈಮರಿಯೇ ಮೊದಲಾಗಬೇಕೆಂದು ಕಾನೂನು ಮಾಡಿಕೊಂಡಿದೆ! 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲಿನಾಗೆ ಮೊದಲ ಸ್ಥಾನ ಕೊಟ್ಟರೂ ಕೇಳದೆ ಜನವರಿ 23ಕ್ಕೇ ಮತದಾನ ನಡೆಸಿತು. ಪ್ರೈಮರಿಯ ಬದಲು ಕಾಕಸ್ ಎಂಬ ಪಕ್ಷದ ಸಭೆಗಳನ್ನು ನಡೆಸಿ 1972ರಿಂದ ಅದಕ್ಕೂ ಮುಂದಿದ್ದ ಅಯೋವಾ ರಾಜ್ಯ ಮುಸುಕಿನ ಜೋಳದ ನಾಡು. ಅಲ್ಲಿಗೆ ಹೋದ ಅಭ್ಯರ್ಥಿಗಳು ಜೋಳದಿಂದ ತಯಾರಾಗುವ ಎಥೆನಾಲ್ ಇಂಧನದ ಪರ ಮಾತಾಡದೆ ಬರುವುದು ಅಪರೂಪ. ರೈತರ ಮಾತು ಕೇಳಲಿ, ಸಂತೋಷ. ಪ್ರತಿ ಸಲವೂ ಅದೇ ರೈತರದೇ ಏಕೆ?

ಇಡೀ ದೇಶಕ್ಕೆ ಒಂದೇ ದಿನ ಪ್ರೈಮರಿ ನಡೆಸಿ ಎಂದು ನಾನು ಹೇಳುವುದಿಲ್ಲ. ಹಾಗಾದರೆ ಟಿವಿ ಜಾಹೀರಾತಿಗೆ ಹಣವಿದ್ದವರದೇ ಕಾರುಬಾರು. 1976ರಲ್ಲಿ ಜಿಮ್ಮಿ ಕಾರ್ಟರ್ ಅವರಂಥ ಅಷ್ಟಾಗಿ ಹೆಸರಿಲ್ಲದವರು ಮೇಲೆ ಬಂದದ್ದು ಅಯೋವಾದ ಊರೂರು ಸುತ್ತಿ. ಅಮೆರಿಕದ ರಾಜ್ಯಗಳ ಚುನಾವಣಾ ಮುಖ್ಯಸ್ಥರ ಸಂಘ 1999ರಲ್ಲೇ ಮುಂದಿಟ್ಟ ಯೋಜನೆ ನನಗೆ ಸರಿ ಕಾಣುತ್ತದೆ: ದೇಶವನ್ನು ನಾಲ್ಕು ವಲಯ ಮಾಡಿ, ತಿಂಗಳಿಗೊಂದರಂತೆ ಮತದಾನ, ಮುಂದಿನ ಚುನಾವಣೆಗೆ ಸರದಿ ಬದಲು. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನದ ಮೀಸಲಾತಿ ಸುತ್ತುವುದೂ ಹೀಗೆಯೇ ಅಲ್ಲವೇ? ಆದರೆ ಅದರಲ್ಲೂ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗೆ ವಿನಾಯಿತಿ ಇಟ್ಟಿದ್ದರು. ಅದು ಹೋಗಬೇಕು.

ಅಲ್ಲಿ ಪ್ರೈಮರಿಯ ದಿನ ನಿಗದಿ ಮಾಡುವುದು ಹೆಚ್ಚಾಗಿ ರಾಜ್ಯಗಳ ಶಾಸನಸಭೆಗಳು. ಅಲ್ಲಿ ಮತದ ಹಕ್ಕಿರುವ ನಮ್ಮ ಮಕ್ಕಳು ತಮ್ಮ ಶಾಸಕರಿಗೆ ಈಗಲೇ ಪತ್ರ ಬರೆಯಲಿ. ನನ್ನ ಮಗಳಿಗೆ ಹೇಳಿದ್ದೇನೆ.

– ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕಿ, ಸಕಲೇಶಪುರ