ಮಂಡೆಬಿಸಿ ಎಂದವರ ಪಕ್ಕ ಕೂರಬೇಕು

ಸಂಪಾದಕರೇ,

ನಾನು ಉಡುಪಿಯಲ್ಲಿ ಮಾನಸಿಕ ಆರೋಗ್ಯದ ವರದಿಗಾರ್ತಿ. ಮೊನ್ನೆ ಮಲ್ಪೆಯಲ್ಲಿ ಮೀನು ಮಾರುವ ಅಕ್ಕನೊಬ್ಬರು ಬುಟ್ಟಿಯ ಐಸ್ ಸರಿಸುತ್ತಾ, "ಮಂಡೆಬಿಸಿ ಮಾರಾಯ್ರೆ, ರಾತ್ರಿ ನಿದ್ದೆಯೇ ಇಲ್ಲ" ಎಂದರು. ಖಿನ್ನತೆಯಾ ಅಂತ ಕೇಳಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಪೆನ್ನು ಒಳಗಿಟ್ಟು ಸುಮ್ನೆ ಪಕ್ಕದಲ್ಲಿ ಕೂತೆ. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ.

ಆದರೆ ಆತ್ಮಹತ್ಯೆಯ ಸುದ್ದಿ ಬಂದರೆ ಪತ್ರಿಕೆಗಳಲ್ಲಿ ಹೇಗೆ, ಎಲ್ಲಿ ಅಂತೆಲ್ಲ ಬಿಡಿಸಿ ಬರೆಯುವುದು, ಅಳುವ ಮನೆಯವರ ಫೋಟೊ ಹಾಕುವುದು ಇನ್ನೂ ನಿಂತಿಲ್ಲ. ವಿಧಾನ, ಜಾಗದ ವಿವರ ಬೇಡವೆಂದು ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ, ಅಲ್ವಾ? ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಒಪ್ಪಿಗೆ ಇಲ್ಲದೆ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ತಡೆಯುತ್ತದೆ. ಆತ್ಮಹತ್ಯೆಯ ಸುದ್ದಿಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪ ಅಕ್ಷರದಲ್ಲಿ ಹಾಕಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

– ಒಬ್ಬ ವರದಿಗಾರ್ತಿ, ಉಡುಪಿ