ಸ್ಪೀಡೋಮೀಟರ್ ಕೆಡುವ ಮೊದಲೇ ಪರೀಕ್ಷಿಸಿಡಿ

ಮಾನ್ಯ ಸಂಪಾದಕರೇ,

ವೇಗಮಿತಿ, ದಂಡ, ಕ್ಯಾಮೆರಾಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗುತ್ತದೆ. ಆದರೆ ಚಾಲಕನಿಗೆ ವೇಗ ಹೇಳುವ ಸ್ಪೀಡೋಮೀಟರ್ ಎಷ್ಟು ಸರಿ ಇದೆ, ಅದು ನಡುದಾರಿಯಲ್ಲಿ ಕೈಕೊಟ್ಟರೆ ಏನು ಮಾಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಅದಕ್ಕಾಗಿ ಈ ಪತ್ರ.

ಸರಿ ಇರುವ ಮೀಟರ್ ಕೂಡ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ಆದರೆ ಆ ಹೆಚ್ಚಳ ನಿಜವಾದ ವೇಗದ ಶೇ 10 ಹಾಗೂ ಅದರ ಮೇಲೆ 4 ಕಿ.ಮೀ. ಮೀರಬಾರದು. ಅಂದರೆ ಕಾರು ಗಂಟೆಗೆ 80 ಕಿ.ಮೀ. ಓಡುತ್ತಿದ್ದರೆ ಮುಳ್ಳು 80ರಿಂದ 92ರೊಳಗೆ ಎಲ್ಲಿದ್ದರೂ ನಿಯಮಕ್ಕೆ ಒಪ್ಪಿಗೆಯೇ. ಒಂದೇ ರಸ್ತೆಯಲ್ಲಿ ಜೊತೆಜೊತೆಯಾಗಿ ಹೋಗುವ ಎರಡು ಕಾರುಗಳ ಮೀಟರ್ ಬೇರೆ ಬೇರೆ ಅಂಕಿ ತೋರಿಸುವುದು ಇದರಿಂದಲೇ.

ಟಯರ್ ಬದಲಿಸಿದಾಗ ಈ ಲೆಕ್ಕ ತಪ್ಪುತ್ತದೆ. ಮೀಟರ್ ಅಳೆಯುವುದು ರಸ್ತೆಯನ್ನಲ್ಲ, ಚಕ್ರದ ಸುತ್ತುಗಳನ್ನು. 185/65 ಆರ್15 ಟಯರಿನ ವ್ಯಾಸ ಸುಮಾರು 622 ಮಿ.ಮೀ.; ಅದೇ ಡಿಸ್ಕಿಗೆ 205/65 ಹಾಕಿದರೆ 648 ಮಿ.ಮೀ. ಆಗುತ್ತದೆ. ಶೇ 4ರಷ್ಟು ವ್ಯತ್ಯಾಸ. ಮುಳ್ಳು 80ರಲ್ಲೇ ನಿಂತಿದ್ದರೂ ಕಾರು ಮೊದಲಿಗಿಂತ 3 ಕಿ.ಮೀ.ಗೂ ಹೆಚ್ಚು ಜೋರಾಗಿ ಓಡುತ್ತಿರುತ್ತದೆ. ಸವೆತದ ಪರಿಣಾಮ ಇದಕ್ಕೆ ವಿರುದ್ಧ: 8 ಮಿ.ಮೀ. ಆಳವಿದ್ದ ಟಯರಿನ ಗೀರುಗಳು 1.6ಕ್ಕೆ ಇಳಿಯುವ ಹೊತ್ತಿಗೆ ವ್ಯಾಸ 13 ಮಿ.ಮೀ. ಕುಗ್ಗಿ, ಮೀಟರ್ ಇನ್ನೂ ಶೇ 2ರಷ್ಟು ಹೆಚ್ಚು ತೋರಿಸುತ್ತದೆ.

ಪರೀಕ್ಷೆಗೆ ಬೇಕಾದದ್ದು ವಾಹನ ಕಡಿಮೆಯಿರುವ ಸಮತಟ್ಟಾದ ನೇರ ರಸ್ತೆ, ಕಿಲೋಮೀಟರ್ ಕಲ್ಲುಗಳು, ಸ್ಟಾಪ್‌ವಾಚ್ ಮತ್ತು ಪಕ್ಕದಲ್ಲೊಬ್ಬರು. ಗಡಿಯಾರ ಚಾಲಕನ ಕೈಯಲ್ಲಿ ಖಂಡಿತ ಇರಬಾರದು. ಟಯರಿನ ಗಾಳಿ ಸರಿ ಮಾಡಿಕೊಂಡು, ಮೊದಲ ಕಲ್ಲು ಬರುವುದಕ್ಕೆ ಸಾಕಷ್ಟು ಮುಂಚೆಯೇ ಮುಳ್ಳನ್ನು 80ಕ್ಕೆ ತಂದು ಅಲ್ಲಾಡದಂತೆ ಹಿಡಿಯಿರಿ. ಕಲ್ಲು ಕಿಟಕಿಯ ಯಾವ ಅಂಚಿಗೆ ಬಂದಾಗ ಗಡಿಯಾರ ಒತ್ತಿದರೋ, ಕೊನೆಯ ಕಲ್ಲು ಅದೇ ಅಂಚಿಗೆ ಬಂದಾಗ ನಿಲ್ಲಿಸಬೇಕು. 3600ನ್ನು ಒಂದು ಕಿ.ಮೀ.ಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. 45 ಸೆಕೆಂಡ್ ಆದರೆ 80, 48 ಆದರೆ 75. ಒಂದೇ ಕಿ.ಮೀ. ಅಳೆದು ತೀರ್ಮಾನಕ್ಕೆ ಬರಬೇಡಿ. ಗಡಿಯಾರ ಒತ್ತುವಾಗ ಅರ್ಧ ಸೆಕೆಂಡ್ ಆಚೀಚೆ ಆದರೂ ಉತ್ತರ ಸುಮಾರು 1 ಕಿ.ಮೀ. ತಪ್ಪುತ್ತದೆ, ಜೊತೆಗೆ ಕಲ್ಲುಗಳೆಲ್ಲ ಕರಾರುವಾಕ್ಕಾಗಿ ನೆಟ್ಟಿರುವುದಿಲ್ಲ. 5 ಕಿ.ಮೀ. ಅಳೆದರೆ ಈ ಎರಡೂ ದೋಷ ಬಹುಮಟ್ಟಿಗೆ ಕರಗುತ್ತವೆ. ಎಲ್ಲ ವೇಗದಲ್ಲೂ ತಪ್ಪಿನ ಪ್ರಮಾಣ ಒಂದೇ ಇರುವುದಿಲ್ಲವಾದ್ದರಿಂದ 50ರಲ್ಲೂ, ವೇಗಮಿತಿ ಒಪ್ಪುವ ಕಡೆ 100ರಲ್ಲೂ ನೋಡಬೇಕು.

ಮೊಬೈಲಿನ ಜಿಪಿಎಸ್ ಇನ್ನೂ ಸುಲಭ, ಬಯಲಿನಲ್ಲಿ ನಂಬಿಕಸ್ಥ ಕೂಡ. ಆದರೆ ವೇಗ ಏರಿಳಿಯುವಾಗ ಅದರ ಅಂಕಿ ತಡವಾಗಿ ಬದಲಾಗುತ್ತದೆ. ಹತ್ತು ಸೆಕೆಂಡಾದರೂ ಒಂದೇ ವೇಗದಲ್ಲಿ ಓಡಿಸಿ, ಆಮೇಲೆ ಓದಿ. ಸುರಂಗ, ಎತ್ತರದ ಕಟ್ಟಡಗಳ ನಡುವೆ ಅದು ಲೆಕ್ಕಕ್ಕಿಲ್ಲ.

ಈ ಪರೀಕ್ಷೆಯ ಹೊತ್ತಿನಲ್ಲೇ ಇನ್ನೊಂದು ಕೆಲಸ ಮಾಡಿಕೊಳ್ಳಿ ಎಂಬುದು ನನ್ನ ಮುಖ್ಯ ಮನವಿ. ಪ್ರತಿ ಗೇರಿನಲ್ಲಿ 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಇದ್ದಾಗ ನಿಜವಾದ ವೇಗ ಎಷ್ಟೆಂದು ಬರೆದು ಕಾರಿನಲ್ಲೇ ಇಡಿ. ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಿದ್ದಾಗ ಎಂಜಿನ್ ಮತ್ತು ಚಕ್ರದ ಅನುಪಾತ ಬದಲಾಗುವುದೇ ಇಲ್ಲ. ಟಾಪ್ ಗೇರಿನಲ್ಲಿ 2000ಕ್ಕೆ 72 ಕಿ.ಮೀ. ಬಂದರೆ 2500ಕ್ಕೆ 90 ಬಂದೇ ಬರುತ್ತದೆ. ಮೀಟರ್ ಸತ್ತ ದಿನ ಆ ಚೀಟಿಯೇ ನಿಮ್ಮ ಸ್ಪೀಡೋಮೀಟರ್. ಸಿವಿಟಿ (ಹಂತಗಳಿಲ್ಲದೆ ಅನುಪಾತ ಬದಲಾಗುತ್ತಲೇ ಇರುವ ಗೇರ್ ವ್ಯವಸ್ಥೆ) ಇರುವ ಆಟೊಮ್ಯಾಟಿಕ್ ಕಾರಿಗೆ ಈ ಲೆಕ್ಕ ನಡೆಯದು. ಅಲ್ಲಿ ಸ್ಟ್ಯಾಂಡಿಗೆ ಹಾಕಿದ ಜಿಪಿಎಸ್ಸೇ ಗತಿ.

‘ನನಗೆ ಅಂದಾಜು ಗೊತ್ತಾಗುತ್ತದೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ 100ರಲ್ಲಿ ಓಡಿಸಿ ಊರಿನೊಳಗೆ ತಿರುಗಿದವರಿಗೆ 60 ಕೂಡ ತೆವಳಿದಂತೆ ಕಾಣುತ್ತದೆ. ಮಂಜಿನಲ್ಲಿ ಪಕ್ಕದ ಮರ, ಕಂಬ ಕಾಣದೆ ವೇಗದ ಅರಿವೇ ಮಂಕಾಗುತ್ತದೆ. ಸದ್ದಿಲ್ಲದ ಕಾರಿನಲ್ಲಿ ಕಿವಿಯಿಂದಲೂ ಸುಳಿವು ಸಿಗುವುದಿಲ್ಲ. ಆರ್‌ಪಿಎಂ ತೋರಿಸುವ ಟಾಕೋಮೀಟರೂ ಜಿಪಿಎಸ್ಸೂ ಇಲ್ಲದವರು ಊರೊಳಗೆ ಮೂರನೇ ಗೇರ್ ದಾಟದೆ, ಎಂಜಿನ್ ಗರ್ಜಿಸಲು ಬಿಡದೆ ಗ್ಯಾರೇಜಿನವರೆಗೆ ಮಾತ್ರ ಹೋಗಲಿ.

ಕೆಟ್ಟದ್ದೆಲ್ಲಿ ಎಂದು ಹುಡುಕುವುದು ಕಷ್ಟವಲ್ಲ. ಮುಳ್ಳು ಸತ್ತರೂ ಕಿ.ಮೀ. ಎಣಿಕೆ ನಡೆಯುತ್ತಿದ್ದರೆ ದೋಷ ಹೆಚ್ಚಾಗಿ ಮೀಟರಿನೊಳಗೇ ಇದೆ. ಎರಡೂ ನಿಂತಿದ್ದರೆ ಮೊದಲು ಫ್ಯೂಸ್, ಬಳಿಕ ಸೆನ್ಸರಿನ ಕನೆಕ್ಟರ್ ನೋಡಿ. ಜೊತೆಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪವೂ ಹೊತ್ತಿದ್ದರೆ ಚಕ್ರದ ಸೆನ್ಸರ್ ಮೇಲೆ ಅನುಮಾನ. ಆಗ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳಬಹುದು, ಮುಂದಿನ ವಾಹನದಿಂದ ದೂರ ಹೆಚ್ಚಿಸಿ.

ಗೇರ್‌ಬಾಕ್ಸಿನಿಂದ ಮೀಟರಿಗೆ ತಿರುಗುವ ಕೇಬಲ್ ಇರುವ ಹಳೆಯ ಕಾರುಗಳು ಮುನ್ಸೂಚನೆ ಕೊಡುತ್ತವೆ. ಮೊದಲು ಮುಳ್ಳು ತೊನೆದಾಡುತ್ತದೆ, ಆಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಕಿರ್ರೆನ್ನುತ್ತದೆ, ಕೊನೆಗೆ ತಂತಿ ತುಂಡಾಗುತ್ತದೆ. ಕೇಬಲ್ ಒಣಗಿರುವುದು ಅಥವಾ ಎಲ್ಲೋ ಬಿಗಿಯಾಗಿ ಬಾಗಿರುವುದು ಇದಕ್ಕೆ ಕಾರಣ. ಒಳತಂತಿಯನ್ನು ಹೊರಗೆಳೆದು ಒರೆಸಿ, ಗೇರ್‌ಬಾಕ್ಸಿನ ಕಡೆಯಿಂದ ಮೂರನೇ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಬೇಕು. ಪೂರ್ತಿ ಬಳಿದರೆ ಗ್ರೀಸ್ ಮೇಲೇರಿ ಮೀಟರಿನೊಳಗೆ ಸೇರುತ್ತದೆ. ಅಲ್ಲಿ ತಿರುಗುವ ಅಯಸ್ಕಾಂತಕ್ಕೂ ಮುಳ್ಳು ಹೊತ್ತ ಅಲ್ಯೂಮಿನಿಯಂ ಬಟ್ಟಲಿಗೂ ನಡುವೆ ಇರಬೇಕಾದದ್ದು ಗಾಳಿ ಮಾತ್ರ. ಗ್ರೀಸ್ ಅವೆರಡನ್ನೂ ಅಂಟಿಸಿದರೆ ಮುಳ್ಳು ಸುಮ್ಮಸುಮ್ಮನೆ ಮೇಲಕ್ಕೇರುತ್ತದೆ.

ಮೀಟರ್, ಸೆನ್ಸರ್ ಅಥವಾ ಗೇರ್‌ಬಾಕ್ಸ್ ಬದಲಿಸಿಕೊಂಡವರು ಗ್ಯಾರೇಜಿನಿಂದ ಹೊರಟ ದಿನವೇ 5 ಕಿ.ಮೀ. ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲಿ. ಬೇರೆ ಮಾದರಿಯ ಭಾಗ ಕೂರಿಸಿದ್ದರೆ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೂಬಹುದು, ಅದು ನೋಡಿದರೆ ಗೊತ್ತಾಗುವ ದೋಷವಲ್ಲ.

ಇಂತಿ,
ವಾಹನ ದುರಸ್ತಿ ವೃತ್ತಿಯ ಓದುಗ