ಸಂಶೋಧನೆಗೆ ಹೊರಟ ಮಗಳಿಗೆ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಸಂಶೋಧನೆಗೆಂದು ಕೊಡುವ ಫೆಲೋಶಿಪ್ ಜೆಆರ್‌ಎಫ್ ದೊರೆತು, ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ.ಗೆ ಸೇರಲಿರುವೆಯೆಂದು ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ. ಬಹಳ ಸಂತೋಷವಾಯಿತು. ಯಾವ ವಿಷಯ ಆರಿಸಿಕೊಳ್ಳಲಿ ಎಂದು ಕೇಳಿರುವೆಯಂತೆ. ಅದಕ್ಕೂ ಮೊದಲು ಗೈಡ್ ಯಾರೆಂಬುದನ್ನು ನಿಶ್ಚಯಿಸಿಕೋ. ಅವರ ಕೈಕೆಳಗೆ ಸೇರಿದವರು ಎಷ್ಟು ವರ್ಷಕ್ಕೆ ಥೀಸಿಸ್ ಸಲ್ಲಿಸಿದರು, ನಡುವೆ ಬಿಟ್ಟುಹೋದವರು ಏಕೆ ಬಿಟ್ಟರು ಎಂಬುದನ್ನು ಸೀನಿಯರ್‌ಗಳಿಂದ ತಿಳಿದುಕೋ. ಇಂಥದ್ದನ್ನು ಲ್ಯಾಬಿನಲ್ಲಿ ಕೇಳಬಾರದು, ಕ್ಯಾಂಟೀನಿನಲ್ಲಿ ಕೇಳಬೇಕು. ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ಎಂದಿದ್ದರೂ ಅದು ಕೈಸೇರುವುದು ತಡವಾಗುವುದುಂಟು. ಕೆಲವು ತಿಂಗಳ ಖರ್ಚಿಗಾಗುವಷ್ಟನ್ನು ಎತ್ತಿಟ್ಟುಕೊಂಡಿರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಲ್ಯಾಬ್ ನೋಟ್‌ಬುಕ್ಕಿನ ವಿಚಾರ. ಪುಟಸಂಖ್ಯೆ ಹಾಕಿದ, ಗಟ್ಟಿ ರಟ್ಟಿನ ಪುಸ್ತಕದಲ್ಲಿ ಪೆನ್ನಿನಿಂದಲೇ, ಆಯಾ ದಿನದ್ದನ್ನು ಆ ದಿನವೇ ಬರೆ. ತಪ್ಪಾದರೆ ಒಂದು ಗೆರೆ ಎಳೆ, ಹಾಳೆ ಹರಿಯಬೇಡ. ಬಳಸಿದ ದ್ರಾವಕದ ಕಂಪನಿ ಮತ್ತು ಬ್ಯಾಚ್ ನಂಬರನ್ನೂ ಬರೆದಿಡು. ಕ್ಲೋರೊಫಾರ್ಮ್ ಕೆಡದಿರಲೆಂದು ಕೆಲವರು ಅದಕ್ಕೆ ಸ್ವಲ್ಪ ಎಥನಾಲ್ ಬೆರೆಸಿರುತ್ತಾರೆ, ಕೆಲವರು ಅಮಿಲೀನ್ ಬೆರೆಸಿರುತ್ತಾರೆ. ಬಾಟಲಿ ಬದಲಾದ ದಿನದಿಂದ ಕ್ರಿಯೆ ನಡೆಯದೆ ಹೋದರೆ, ಆ ಒಂದು ಸಾಲು ಬರೆದಿಡದವರು ತಿಂಗಳುಗಟ್ಟಲೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ನಿರೀಕ್ಷೆಗೆ ಹೊಂದದ ರೀಡಿಂಗ್ ಬಂದಾಗಲಂತೂ ಇನ್ನೂ ಎಚ್ಚರದಿಂದ ಬರೆಯಬೇಕು. 1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ಸೂರ್ಯನ ಬೆಳಕನ್ನು ಬಣ್ಣದ ಫಿಲ್ಟರಿನ ಮೂಲಕ ನೀರಿಗೆ ಹಾಯಿಸಿ, ಚದುರಿ ಬಂದದ್ದನ್ನು ಆ ಬಣ್ಣವನ್ನು ತಡೆಯುವ ಇನ್ನೊಂದು ಪೂರಕ ಫಿಲ್ಟರಿನಿಂದ ನೋಡಿದಾಗ, ಪೂರ್ತಿ ಕತ್ತಲೆ ಇರಬೇಕಾದ ಕಡೆ ಕ್ಷೀಣವಾದ ಬೆಳಕು ಉಳಿದಿತ್ತು. ಅದು ಕಶ್ಮಲದಿಂದಾದ ಪ್ರತಿದೀಪ್ತಿ, ಎಂದರೆ ಬೆಳಕು ಬಿದ್ದಾಗ ಕಶ್ಮಲವೇ ಬೇರೆ ಬಣ್ಣದಲ್ಲಿ ಹೊಳೆಯುವುದು, ಇರಬಹುದೆಂದು ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಆ ಬೆಳಕು ಹೋಗಲಿಲ್ಲ. ರಾಮನ್ ಅದನ್ನು ಮರೆಯಲಿಲ್ಲ, ಮುಂದೆ ಕೆ. ಎಸ್. ಕೃಷ್ಣನ್ ಅವರೊಂದಿಗೆ ಹಲವು ದ್ರವಗಳಲ್ಲಿ ಅದನ್ನೇ ಬೆನ್ನಟ್ಟಿ, 1928ರ ಫೆಬ್ರವರಿ 28ರಂದು ನಿಶ್ಚಿತ ಉತ್ತರ ಕಂಡರು; ಅದೇ ರಾಮನ್ ಪರಿಣಾಮ. ನಡುವೆ ಐದು ವರ್ಷ ಕಳೆದಿತ್ತು ಎಂಬುದನ್ನು ವಿಜ್ಞಾನ ದಿನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಇಲ್ಲದ ಬೆಳಕನ್ನು ಕಂಡೆನೆಂದು ಭ್ರಮಿಸುವ ಅಪಾಯವೂ ಉಂಟು, ಆದ್ದರಿಂದ ಮೊದಲು ಶುದ್ಧಗೊಳಿಸು, ಪ್ರಯೋಗವನ್ನು ಮರಳಿ ಮಾಡು, ಬೇರೊಬ್ಬರ ಕೈಯಲ್ಲೂ ಮಾಡಿಸು. ಆಮೇಲೂ ಉಳಿದರೆ ಗೈಡ್ ಮುಂದೆ ಇಡು. ಅವರಿಗೆ ಇಷ್ಟವಾಗುವ ಅಂಕಿಗಳನ್ನಷ್ಟೇ ಆರಿಸಿ ಒಯ್ಯಬೇಡ.

ಬೇಗ ಪೇಪರ್ ಹಾಕೆಂದು ಎಲ್ಲರೂ ಅವಸರ ಮಾಡುತ್ತಾರೆ. ಥೀಸಿಸ್ ಸಲ್ಲಿಸುವ ಮುನ್ನ ಪೇಪರ್ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ನಿನ್ನ ವಿಭಾಗದ ನಿಯಮವೇನೆಂದು ಕಚೇರಿಯಲ್ಲಿ ವಿಚಾರಿಸು. ಹಣ ಪಡೆದು ವಾರದಲ್ಲೇ ಅಚ್ಚು ಹಾಕುವ ಪತ್ರಿಕೆಗಳ ಹತ್ತಿರ ಸುಳಿಯಬೇಡ.

ಕೋರ್ಸ್ ವರ್ಕ್ ಶುರುವಾದ ಮೇಲೆ ಗೈಡ್ ಆಗಬಲ್ಲವರ ಹೆಸರುಗಳನ್ನು ಬರೆದು ಕಳಿಸು, ಕೂತು ಮಾತಾಡೋಣ.

ಇಂತಿ,
ನಿನ್ನ ದೊಡ್ಡಪ್ಪ